ಕೇಳುವುದಾದರೆ ಮೊದಲೇ ಕೇಳಿ

ಪೊಲೀಸ್ ದಾಖಲೆಯಲ್ಲಿ ಹೆಸರು ಸೇರಿರುವ ಹುಡುಗನೋ ಹುಡುಗಿಯೋ ನರ್ಸಿಂಗ್ ಓದಬಹುದೇ? ಈ ಪ್ರಶ್ನೆ ಎತ್ತಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ‘ಅಂಥವರ ಕೈಗೆ ರೋಗಿಗಳನ್ನು ಒಪ್ಪಿಸೋದಾ?’ ಎಂದು ಕೆಲವರು ಹುಬ್ಬೇರಿಸುತ್ತಾರೆ. ‘ಆ ವಯಸ್ಸಲ್ಲಿ ಯಾರು ತಪ್ಪು ಮಾಡಿಲ್ಲ, ಓದಿಕೊಳ್ಳಲಿ ಬಿಡಿ’ ಎಂದು ಇನ್ನು ಕೆಲವರು ಮಾತು ಮುಗಿಸುತ್ತಾರೆ. ಇಬ್ಬರೂ ಜಗಳವಾಡುವುದು ಯಾರನ್ನು ಸೇರಿಸಬೇಕು ಎಂಬುದರ ಬಗ್ಗೆ. ಆ ತೀರ್ಮಾನ ಯಾವಾಗ ಆಗಬೇಕು, ಯಾರು ಮಾಡಬೇಕು ಎಂದು ಕೇಳುವವರು ಕಡಿಮೆ. ನಮ್ಮಲ್ಲಿ ನಿಜವಾದ ಅನ್ಯಾಯ ನಡೆಯುತ್ತಿರುವುದು ಅಲ್ಲೇ ಎಂದು ನನಗನ್ನಿಸುತ್ತದೆ. ಸೀಟು ಕೊಡುವಾಗ ಯಾರೂ ಏನೂ ಕೇಳುವುದಿಲ್ಲ. ನಾಲ್ಕು ವರ್ಷ ಓದಿ, ಸಾಲ ಮಾಡಿ ಫೀಸು ಕಟ್ಟಿ, ಪದವಿ ಕೈಗೆ ಬಂದ ಮೇಲೆ ಒಬ್ಬರಾದ ಮೇಲೊಬ್ಬರು ಕೇಳುತ್ತಾರೆ.

ಮೊದಲು ರೋಗಿಯ ಕಡೆಯಿಂದ ನೋಡೋಣ, ಏಕೆಂದರೆ ಆ ಕಡೆಯ ಭಯ ಸುಳ್ಳಲ್ಲ. ಆಪರೇಷನ್‌ಗೆ ಕರೆದೊಯ್ಯುವ ಮುನ್ನ ವಾರ್ಡಿನಲ್ಲಿ ನಡೆಯುವುದನ್ನು ಗಮನಿಸಿ. ಹೆಂಗಸಿನ ತಾಳಿ, ಓಲೆ, ಮೂಗುಬೊಟ್ಟು, ಕಾಲುಂಗುರ ತೆಗೆಸಿ, ಒಂದೊಂದನ್ನೂ ಎಣಿಸಿ, ‘ಹಳದಿ ಲೋಹದ ಸರ ಒಂದು, ಓಲೆ ಒಂದು ಜೊತೆ’ ಎಂದು ಬರೆದು ಮನೆಯವರಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ಚಿನ್ನ ಎಂದು ಬರೆಯುವುದಿಲ್ಲ. ಒರೆಗೆ ಹಚ್ಚಿ ನೋಡಿದವರು ಅಲ್ಲಿ ಯಾರೂ ಇಲ್ಲವಲ್ಲ. ಜೊತೆಗೆ ಯಾರೂ ಬಂದಿಲ್ಲದಿದ್ದರೆ ಆ ಪೊಟ್ಟಣ ನರ್ಸ್ ಸುಪರ್ದಿಯಲ್ಲೇ ಉಳಿಯುತ್ತದೆ. ಮಾರ್ಫಿನ್, ಫೆಂಟನಿಲ್ ಎಂಬ ಅಮಲಿನ ನೋವುನಿವಾರಕಗಳನ್ನು ಇಟ್ಟಿರುವ ಕಪಾಟಿನ ಬೀಗದ ಕೈಯೂ ಅವರದೇ ಬಳಿ. ಡ್ಯೂಟಿ ಬದಲಾಗುವಾಗ ಹೋಗುವವರೂ ಬರುವವರೂ ಸೇರಿ ಆಂಪೂಲ್‌ಗಳನ್ನು ಎಣಿಸುತ್ತಾರೆ. ಬಳಸಿದ್ದರ ಖಾಲಿ ಗಾಜನ್ನೂ ಲೆಕ್ಕಕ್ಕೆ ಒಪ್ಪಿಸಬೇಕು. ಪ್ರಜ್ಞೆ ಇಲ್ಲದವರು, ಮಾತು ಬಾರದ ಮಕ್ಕಳು, ಮರೆವು ಹತ್ತಿದ ಮುದುಕರು ರಾತ್ರಿಯಿಡೀ ಈ ಒಬ್ಬರನ್ನೇ ನಂಬಿರುತ್ತಾರೆ. ಹೀಗಿರುವಾಗ ‘ನಿಮ್ಮ ಹಿನ್ನೆಲೆ ಏನು?’ ಎಂದು ಕೇಳುವ ಹಕ್ಕು ಸಮಾಜಕ್ಕೆ ಖಂಡಿತ ಇದೆ.

ಆದರೆ ಆ ಹಕ್ಕಿನ ಮಿತಿಯೂ ಅದೇ ಕಪಾಟಿನ ಮುಂದೆ ಕಾಣುತ್ತದೆ. ಇಬ್ಬರು ಎಣಿಸಬೇಕು, ಇಬ್ಬರು ಸಹಿ ಹಾಕಬೇಕು ಎಂಬ ನಿಯಮ ಕೇಸು ಇದ್ದವರಿಗೆ ಮಾತ್ರ ಇರುವುದಲ್ಲ, ಎಲ್ಲರಿಗೂ ಇದೆ. ಆಸ್ಪತ್ರೆ ನಂಬಿರುವುದು ದಿನದಿನದ ಲೆಕ್ಕವನ್ನು. ಇಂಗ್ಲೆಂಡಿನ ಗ್ರಾಂಥಮ್ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ 1991ರಲ್ಲಿ ಬೆವರ್ಲಿ ಆಲಿಟ್ ಎಂಬ ನರ್ಸ್ ನಾಲ್ಕು ಮಕ್ಕಳನ್ನು ಕೊಂದು, ಇನ್ನೂ ಒಂಬತ್ತು ಮಕ್ಕಳಿಗೆ ಹಾನಿ ಮಾಡಿದಳು. ಆಮೇಲೆ ವಿಚಾರಣೆ ನಡೆಸಿದ ಕ್ಲೋಥಿಯರ್ ಸಮಿತಿ, ನರ್ಸಿಂಗ್‌ಗೆ ಬರುವವರು ಹಿಂದೆ ಅನಾರೋಗ್ಯದ ಹೆಸರಿನಲ್ಲಿ ಎಷ್ಟು ರಜೆ ಹಾಕಿದ್ದರು ಎಂಬುದನ್ನು ವಿಚಾರಿಸಿ ಎಂದು ಶಿಫಾರಸು ಮಾಡಿತು. ಅಷ್ಟು ಘೋರ ಪ್ರಕರಣದಲ್ಲೂ ಮುನ್ಸೂಚನೆಯನ್ನು ಹುಡುಕಬೇಕಾಗಿ ಬಂದದ್ದು ರಜೆಯ ಲೆಕ್ಕದಲ್ಲಿ. ಪೊಲೀಸ್ ದಾಖಲೆ ಸ್ವಚ್ಛವಾಗಿದ್ದರೆ ರೋಗಿ ಸುರಕ್ಷಿತ ಎಂದು ನಂಬುವುದು, ದಾಖಲೆ ಇದ್ದವರೆಲ್ಲ ಅಪಾಯಕಾರಿ ಎಂದು ನಂಬುವಷ್ಟೇ ತಪ್ಪು.

ಈಗ ನಮ್ಮ ಕರ್ನಾಟಕಕ್ಕೆ ಬರೋಣ. ದೇಶದ ಮೂಲೆಮೂಲೆಯಿಂದ, ಅದರಲ್ಲೂ ಕೇರಳದಿಂದ, ನರ್ಸಿಂಗ್ ಓದಲು ಮಕ್ಕಳು ಬೆಂಗಳೂರು, ಮಂಗಳೂರಿಗೆ ಬರುತ್ತಾರೆ. ಪ್ರವೇಶದ ದಿನ ಅಂಕಪಟ್ಟಿ, ವರ್ಗಾವಣೆ ಪತ್ರದ ಜೊತೆಗೆ ವ್ಯಾಸಂಗ ಮತ್ತು ನಡತೆ ಪ್ರಮಾಣಪತ್ರ ಕೊಡಬೇಕು. ಪಿಯು ಕಾಲೇಜಿನ ಗುಮಾಸ್ತರು ನಡತೆ ‘ಉತ್ತಮ’ ಎಂದು ಎಲ್ಲರಿಗೂ ಒಂದೇ ಮಾತು ಬರೆದು ಮೊಹರು ಒತ್ತಿದ ಕಾಗದ ಅದು. ಅಲ್ಲಿಗೆ ಹಿನ್ನೆಲೆಯ ವಿಚಾರ ಮುಗಿಯಿತು. ಅದು ಮತ್ತೆ ತಲೆಯೆತ್ತುವುದು ಓದು ಮುಗಿದ ಮೇಲೆ. ಸರ್ಕಾರಿ ಆಸ್ಪತ್ರೆಯ ಹುದ್ದೆಗೆ ಆಯ್ಕೆಯಾದರೆ ಪೊಲೀಸ್ ಪರಿಶೀಲನೆ. ಹೊರದೇಶಕ್ಕೆ ಹೊರಟರೆ ಪಾಸ್‌ಪೋರ್ಟ್ ಮತ್ತು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ (ಪಿಸಿಸಿ). ನರ್ಸಿಂಗ್ ಓದುವವರಲ್ಲಿ ಎಷ್ಟೋ ಮಂದಿಗೆ ಹೊರದೇಶವೇ ಗುರಿ. ಮನೆಯವರು ಜಮೀನು ಅಡವಿಟ್ಟು ಓದಿಸುವುದೂ ಆ ಲೆಕ್ಕದ ಮೇಲೆಯೇ.

ಒಂದು ಮಾದರಿ ಪ್ರಸಂಗ ಊಹಿಸಿಕೊಳ್ಳಿ. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳ ಅಣ್ಣನ ಸಂಸಾರ ಮುರಿದು ಅತ್ತಿಗೆ ಠಾಣೆಗೆ ಹೋಗುತ್ತಾಳೆ. ಅವಳ ದೂರು ನಿಜವೇ ಇರಬಹುದು. ಆದರೆ ಎಫ್‌ಐಆರ್‌ನಲ್ಲಿ ಗಂಡ, ಅತ್ತೆ, ಮಾವನ ಸಾಲಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿರುವ ನಾದಿನಿಯೂ ನಾಲ್ಕನೇ ಆರೋಪಿಯಾಗಿ ಸೇರುತ್ತಾಳೆ. ನಿರ್ದಿಷ್ಟ ಆರೋಪವಿಲ್ಲದೆ ಮನೆಮಂದಿಯನ್ನೆಲ್ಲ ಹೀಗೆ ಸೇರಿಸುವುದನ್ನು ಸುಪ್ರೀಂ ಕೋರ್ಟ್ 2012ರ ಗೀತಾ ಮೆಹ್ರೋತ್ರಾ ಪ್ರಕರಣದಲ್ಲೂ 2022ರ ಕಹಕಶಾನ್ ಕೌಸರ್ ಪ್ರಕರಣದಲ್ಲೂ ಒಪ್ಪಲಿಲ್ಲ. ಆದರೆ ಸುಪ್ರೀಂ ಕೋರ್ಟಿನವರೆಗೆ, ಕೊನೆಗೆ ಹೈಕೋರ್ಟಿನವರೆಗಾದರೂ ಹೋಗಲು ವಕೀಲರ ಫೀಸು ಬೇಕು. ಹೋಗಲಾಗದವಳು ವಾಯಿದೆಯಿಂದ ವಾಯಿದೆಗೆ ಅಲೆಯುತ್ತಾಳೆ. ಅಷ್ಟರಲ್ಲಿ ಬಿಎಸ್‌ಸಿ ನರ್ಸಿಂಗ್ ಮುಗಿದಿರುತ್ತದೆ, ಹೊರದೇಶದ ಆಸ್ಪತ್ರೆಯ ಕರೆಯೂ ಬಂದಿರುತ್ತದೆ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಕ್ರಿಮಿನಲ್ ಮೊಕದ್ದಮೆ ಕೋರ್ಟಿನಲ್ಲಿ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಆ ಕೋರ್ಟಿನ ಅನುಮತಿ ತಂದರೆ 1993ರ ಅಧಿಸೂಚನೆಯಡಿ ಸೀಮಿತ ಅವಧಿಗೆ ಸಿಗುತ್ತದೆ. ಇದು ಗೊತ್ತಿದ್ದವರು ಮೊದಲೇ ಅರ್ಜಿ ಹಾಕಿರುತ್ತಾರೆ. ಗೊತ್ತಿಲ್ಲದವಳಿಗೆ ವಿಷಯ ತಿಳಿಯುವುದು ಅವಕಾಶ ಕೈತಪ್ಪುವ ಹೊತ್ತಿಗೆ.

ಗಮನಿಸಿ, ಇಲ್ಲಿ ಶಿಕ್ಷೆ ಆಗಿಯೇ ಇಲ್ಲ. ‘ಕ್ರಿಮಿನಲ್ ರೆಕಾರ್ಡ್’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರೊಳಗೆ ದೂರು, ಚಾರ್ಜ್‌ಶೀಟ್, ಖುಲಾಸೆ, ದಂಡ, ಜೈಲು ಎಲ್ಲವೂ ಸೇರಿಕೊಂಡಿವೆ. ಊರಿನವರ ಬಾಯಲ್ಲಿ ‘ಅವನ ಮೇಲೆ ಕೇಸಿದೆ’ ಎಂದರೆ ಮುಗಿಯಿತು. ಕಾನೂನು ಮಾತ್ರ ಇಷ್ಟು ಒರಟಾಗಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ, ಹದಿನೆಂಟು ತುಂಬುವ ಮುನ್ನ ಮಾಡಿದ ಅಪರಾಧದಿಂದ ಮುಂದೆ ಯಾವ ಅನರ್ಹತೆಯೂ ಅಂಟಬಾರದು, ದಾಖಲೆಯನ್ನೂ ನಾಶಪಡಿಸಬೇಕು. ಹದಿನಾರು ದಾಟಿದವರು ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೆ ಒಳಗಾದ ಸಂದರ್ಭ ಮಾತ್ರ ಇದಕ್ಕೆ ಹೊರತು. ನರ್ಸಿಂಗ್ ಸೇರಲು ಕನಿಷ್ಠ ವಯಸ್ಸು 17. ಅಂದರೆ ಪಿಯು ಮುಗಿಸಿ ನೇರ ಬರುವ ಮಕ್ಕಳ ಹಿನ್ನೆಲೆಯಲ್ಲಿ ಏನಾದರೂ ಇದ್ದರೆ ಅದರ ಬಹುಪಾಲು ಕಾನೂನೇ ಅಳಿಸಲು ಹೇಳಿರುವಂಥದ್ದು. 1958ರ ಪ್ರೊಬೇಷನ್ ಕಾಯ್ದೆಯೂ, ಜೈಲಿಗೆ ಕಳಿಸದೆ ಸನ್ನಡತೆಯ ಮೇಲೆ ಬಿಟ್ಟವರಿಗೆ ಆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟಬಾರದು ಎನ್ನುತ್ತದೆ.

ಸರ್ಕಾರಿ ನೌಕರಿಗೆ ಸಂಬಂಧಿಸಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ನಿಯಮಗಳನ್ನು ಕ್ರೋಡೀಕರಿಸಿತು. ಕೇಳಿದ್ದಕ್ಕೆ ನಿಜ ಹೇಳಲೇಬೇಕು. ಆದರೆ ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಅದನ್ನು ಮನ್ನಿಸಬಹುದು. ಹುದ್ದೆಯ ಸ್ವರೂಪ, ಅಪರಾಧದ ತೂಕ ನೋಡಿ ನಿರ್ಧರಿಸಬೇಕು. ಇದು ವಿವೇಕದ ಮಾತು. ತೊಂದರೆ ಏನೆಂದರೆ ಈ ತೂಗುವಿಕೆ ನಡೆಯುವುದು ನೇಮಕದ ಹಂತದಲ್ಲಿ. ಪೊಲೀಸ್ ಪೇದೆಯ ಹುದ್ದೆಗೆ ಅರ್ಜಿ ಹಾಕುವವನು ಆ ಹುದ್ದೆಗೆಂದೇ ನಾಲ್ಕು ವರ್ಷದ ಪದವಿ ಓದಿರುವುದಿಲ್ಲ. ಅಲ್ಲಿ ತಪ್ಪಿದರೆ ಇನ್ನೊಂದು ಕೆಲಸ ನೋಡುತ್ತಾನೆ. ನರ್ಸಿಂಗ್ ಓದಿದವರಿಗೆ ಆಸ್ಪತ್ರೆಯ ಬಾಗಿಲು ಮುಚ್ಚಿದರೆ ಆ ಪದವಿ ಹಿಡಿದು ಹೋಗುವ ಬೇರೆ ದಾರಿಗಳು ತೀರ ಕಡಿಮೆ.

ಬೇರೆ ಕಡೆ ಹೇಗಿದೆ? ಬ್ರಿಟನ್ನಿನಲ್ಲಿ 1974ರ ಕಾಯ್ದೆಯೊಂದು ಇಷ್ಟು ವರ್ಷ ಕಳೆದ ಮೇಲೆ ಹಳೆಯ ಶಿಕ್ಷೆಯನ್ನು ಹೇಳಬೇಕಿಲ್ಲ ಎನ್ನುತ್ತದೆ. ನರ್ಸಿಂಗ್‌ಗೆ ಆ ರಿಯಾಯಿತಿ ಪೂರ್ತಿಯಾಗಿ ಅನ್ವಯಿಸುವುದಿಲ್ಲ. ವಾರ್ಡಿಗೆ ಕಾಲಿಡುವ ವಿದ್ಯಾರ್ಥಿಯನ್ನು ಕಾಲೇಜು ಸೇರುವ ಹೊತ್ತಿಗೇ ಡಿಬಿಎಸ್ ಎಂಬ ಅಪರಾಧ ಹಿನ್ನೆಲೆಯ ತಪಾಸಣೆಗೆ ಒಳಪಡಿಸುತ್ತಾರೆ. ಏನಾದರೂ ಕಂಡುಬಂದರೆ ವಿಶ್ವವಿದ್ಯಾಲಯದ ಸಮಿತಿ ಕೂತು ಆಲಿಸುತ್ತದೆ. ಬಾಲ್ಯದಲ್ಲಿ ಪೊಲೀಸರು ಕೊಟ್ಟ ಎಚ್ಚರಿಕೆಗಳನ್ನೂ ಬಯಲಿಗೆಳೆಯುವುದು ಅತಿಯಾಯಿತೆಂದು ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ ಮೇಲೆ, 2020ರ ನವೆಂಬರ್‌ನಿಂದ ಅವು ಪ್ರಮಾಣಪತ್ರದಲ್ಲಿ ತಾನಾಗಿ ಕಾಣಿಸಿಕೊಳ್ಳುವುದು ನಿಂತಿತು. ಅಮೆರಿಕದ ಟೆಕ್ಸಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕಾಲೇಜಿಗೆ ಸೇರುವ ಮೊದಲೇ ರಾಜ್ಯದ ನರ್ಸಿಂಗ್ ಮಂಡಳಿಗೆ ಅರ್ಜಿ ಹಾಕಿ, ‘ನನ್ನ ಮೇಲೆ ಇಂಥ ಪ್ರಕರಣವಿದೆ, ಮುಂದೆ ನನಗೆ ಲೈಸೆನ್ಸ್ ಸಿಗುವುದಕ್ಕೆ ಇದು ಅಡ್ಡಿಯೇ?’ ಎಂದು ಕೇಳಬಹುದು. ಮಂಡಳಿ ಅರ್ಹತೆಯ ಬಗ್ಗೆ ಆದೇಶ ಕೊಡುತ್ತದೆ. ಅಮೆರಿಕದಲ್ಲಿ ಎಲ್ಲವೂ ಉದಾರವಾಗಿಲ್ಲ. ಹಲವು ರಾಜ್ಯಗಳಿಗೆ ಒಂದೇ ಲೈಸೆನ್ಸ್ ನಡೆಯುವ ಒಪ್ಪಂದದಡಿ, ಗಂಭೀರ ಅಪರಾಧಕ್ಕೆ ಶಿಕ್ಷೆಯಾದವರಿಗೆ ಆ ಬಹುರಾಜ್ಯ ಲೈಸೆನ್ಸ್ ಸಿಗುವುದಿಲ್ಲ. ಆದರೆ ಟೆಕ್ಸಸ್‌ನಲ್ಲಿ ಓದಲು ಹೊರಟವಳು ತನ್ನ ಸ್ಥಿತಿ ಏನೆಂದು ಫೀಸು ಕಟ್ಟುವ ಮೊದಲೇ ತಿಳಿದುಕೊಳ್ಳಬಹುದು.

ಟೆಕ್ಸಸ್‌ನ ಈ ಒಂದು ಏರ್ಪಾಡನ್ನು ನಾವು ತರಬೇಕು ಎಂಬುದು ನನ್ನ ವಾದ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆಂದು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ಅದರ ನಿಯಮಾವಳಿಯಲ್ಲೇ ಇದನ್ನು ಸೇರಿಸಬಹುದು: ಹಿನ್ನೆಲೆಯಲ್ಲಿ ಪ್ರಕರಣವಿರುವವರು ಪ್ರವೇಶಕ್ಕೆ ಮುನ್ನ ರಾಜ್ಯದ ನರ್ಸಿಂಗ್ ನೋಂದಣಿ ಸಂಸ್ಥೆಗೆ ಗೋಪ್ಯವಾಗಿ ಅರ್ಜಿ ಹಾಕುವುದು; ಸಂಸ್ಥೆ ಗೊತ್ತಾದ ಗಡುವಿನೊಳಗೆ ಕಾರಣಸಹಿತ ಉತ್ತರ ಕೊಡುವುದು; ಹೊಸ ಪ್ರಕರಣ ಹುಟ್ಟದ ಹೊರತು ಆ ಉತ್ತರ ಮುಂದೆ ಸರ್ಕಾರಿ ನೇಮಕದಲ್ಲೂ ಮಾನ್ಯವಾಗುವುದು.

ಇದಕ್ಕೆ ಆಕ್ಷೇಪಗಳಿವೆ. ಮೊದಲೇ ಕೇಳಿದರೆ ಕಾಲೇಜುಗಳು ತಂಟೆಯೇ ಬೇಡವೆಂದು ಎಲ್ಲರನ್ನೂ ತಿರಸ್ಕರಿಸುತ್ತವಲ್ಲ ಎಂಬುದು ಮೊದಲನೆಯದು. ಈ ಭಯಕ್ಕೆ ಆಧಾರವಿದೆ. ಆದ್ದರಿಂದಲೇ ತೀರ್ಮಾನ ಕಾಲೇಜಿನ ಆಡಳಿತ ಮಂಡಳಿಯ ಕೈಯಲ್ಲಿರಬಾರದು, ಕಾಲೇಜಿಗೆ ಪ್ರಕರಣದ ವಿವರ ತಿಳಿಯಲೂ ಬಾರದು. ‘ಅರ್ಹ’ ಎಂಬ ಪತ್ರ ಸಿಕ್ಕರೆ ಸಾಕು. ಎರಡನೆಯದು, ಜನ ಮುಚ್ಚಿಡುತ್ತಾರೆ ಎಂಬುದು. ಈಗಲೂ ಮುಚ್ಚಿಡುತ್ತಾರೆ, ಹೇಳಿದರೆ ಕಳೆದುಕೊಳ್ಳುವುದು ಖಚಿತ, ಹೇಳದಿದ್ದರೆ ದಕ್ಕೀತು ಎಂಬ ಲೆಕ್ಕಾಚಾರ ಅವರದು. ಹೇಳಿದವರಿಗೆ ನ್ಯಾಯ ಸಿಗುವ ಜಾಗ ಒಂದಿದ್ದರೆ ಆ ಲೆಕ್ಕ ಬದಲಾಗುತ್ತದೆ. ಆಮೇಲೂ ಮುಚ್ಚಿಟ್ಟವರ ಮೇಲೆ ಕ್ರಮ ಕೈಗೊಳ್ಳಲು ಯಾರೂ ಹಿಂಜರಿಯಬೇಕಿಲ್ಲ.

ಮೂರನೆಯದೇ ಗಟ್ಟಿ ಆಕ್ಷೇಪ: ಕೆಲವರನ್ನು ಎಂದಿಗೂ ಸೇರಿಸಬಾರದಲ್ಲವೇ? ಹೌದು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದವರು, ತಮ್ಮ ಆರೈಕೆಯಲ್ಲಿದ್ದ ಅಸಹಾಯಕರನ್ನು ಹಿಂಸಿಸಿದವರು ವಾರ್ಡಿಗೆ ಬರಬಾರದು. ಅಲ್ಲಿ ವರ್ಷಗಳು ಕಳೆದವು ಎಂಬ ವಾದ ನಡೆಯುವುದಿಲ್ಲ. ರೋಗಿಗೆ ನರ್ಸ್ ಆಯ್ಕೆ ಮಾಡಿಕೊಳ್ಳುವ ಸ್ವಾತಂತ್ರ್ಯವಿಲ್ಲ, ಅವರ ಪರವಾಗಿ ಬೇರೆಯವರು ಗಟ್ಟಿಯಾಗಿ ನಿಲ್ಲಬೇಕು. ಆದರೆ ಅಂಥವರಿಗೂ ‘ಇಲ್ಲ’ ಎಂಬ ಮಾತನ್ನು ಮೊದಲ ದಿನವೇ ಹೇಳುವುದು ಸರಿ. ಇಂದಿನ ವ್ಯವಸ್ಥೆ ಅವರನ್ನು ವಿದ್ಯಾರ್ಥಿಗಳೆಂದು ವರ್ಷಗಟ್ಟಲೆ ವಾರ್ಡಿನೊಳಗೆ ಬಿಟ್ಟು, ಕೆಲಸ ಕೊಡುವಾಗ ಮಾತ್ರ ಎಚ್ಚೆತ್ತುಕೊಳ್ಳುತ್ತದೆ. ಕ್ಲಿನಿಕಲ್ ಪೋಸ್ಟಿಂಗ್ ಮಾಡುವ ವಿದ್ಯಾರ್ಥಿಯೂ ಇಂಜೆಕ್ಷನ್ ಕೊಡುತ್ತಾಳೆ, ಮಗುವಿನ ಮೈ ಒರೆಸುತ್ತಾಳೆ. ರೋಗಿಯ ರಕ್ಷಣೆಯ ಹೆಸರಿನಲ್ಲಿ ತಡವಾಗಿ ಕೇಳುವ ಈ ಪದ್ಧತಿ ರೋಗಿಯನ್ನೂ ರಕ್ಷಿಸುವುದಿಲ್ಲ.

ತಪ್ಪೇ ಮಾಡದೆ ಕೇಸಿಗೆ ಸಿಲುಕಿದವರು ಒಂದು ತುದಿ, ಎಂದಿಗೂ ಸೇರಿಸಬಾರದವರು ಇನ್ನೊಂದು ತುದಿ; ಈ ಎರಡರ ನಡುವೆ ಇರುವವರೇ ಹೆಚ್ಚು: ಹತ್ತೊಂಬತ್ತರ ವಯಸ್ಸಿನಲ್ಲಿ ಹೊಡೆದಾಟದಲ್ಲಿ ಸಿಕ್ಕಿಬಿದ್ದವನು, ಧರಣಿಯಲ್ಲಿ ಕೂತವಳು, ಅಂಗಡಿಯಲ್ಲಿ ಫೋನ್ ಕದ್ದು ದಂಡ ಕಟ್ಟಿದವನು. ಇವರಲ್ಲಿ ಯಾರು ಒಳ್ಳೆಯ ನರ್ಸ್ ಆಗುತ್ತಾರೆ ಎಂದು ಕಾಗದ ನೋಡಿ ಹೇಳಲಾಗದು. ಪ್ರಕರಣ ಎಷ್ಟು ಹಳೆಯದು, ಆಗಿನ ವಯಸ್ಸೆಷ್ಟು, ಆಮೇಲೆ ಬದುಕು ಹೇಗೆ ಸಾಗಿದೆ, ಆ ಕೃತ್ಯಕ್ಕೂ ಆರೈಕೆಯ ಕೆಲಸಕ್ಕೂ ಸಂಬಂಧವಿದೆಯೇ ಎಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕು. ಇದಕ್ಕೆ ಶ್ರಮ ಬೇಕು, ಸಮಯ ಬೇಕು. ಈಗ ಆ ಖರ್ಚನ್ನೆಲ್ಲ ಒಬ್ಬ ವಿದ್ಯಾರ್ಥಿ ಮತ್ತು ಅವಳ ಮನೆಯವರು ನಾಲ್ಕು ವರ್ಷದ ಬದುಕಿನ ಲೆಕ್ಕದಲ್ಲಿ ಭರಿಸುತ್ತಿದ್ದಾರೆ. ಪ್ರಶ್ನೆ ಕೇಳುವ ಅಧಿಕಾರ ಬೇಕೆನ್ನುವ ಸರ್ಕಾರ, ಸಕಾಲದಲ್ಲಿ ಉತ್ತರ ಕೊಡುವ ಹೊಣೆಯನ್ನೂ ಹೊರಬೇಕು.