ಕಣ್ಣು ಮಿಟುಕಿಸಿದರೆ ಅಪಾಯ!

1963ರಲ್ಲಿ ಬಿಬಿಸಿ ಆರಂಭಿಸಿದ ವೈಜ್ಞಾನಿಕ ಕಥಾ ಧಾರಾವಾಹಿ ‘ಡಾಕ್ಟರ್ ಹೂ’. ಅದರ 2007ರ ‘ಬ್ಲಿಂಕ್’ ಕಂತಿನಲ್ಲಿ ರಕ್ತಪಾತವಿಲ್ಲ. ಆದರೂ ಮೈ ಜುಮ್ಮೆನ್ನುತ್ತದೆ. ದೇವದೂತರ ಕಲ್ಲಿನ ಪ್ರತಿಮೆಗಳು ಯಾರಾದರೂ ನೋಡುತ್ತಿರುವವರೆಗೆ ಕದಲವು. ರೆಪ್ಪೆ ಬಡಿದರೆ ಮೇಲೆರಗುತ್ತವೆ! ಕಥೆ ಇದಕ್ಕೆ ಕೊಡುವ ಕಾರಣ ಕ್ವಾಂಟಂ ನಿಯಮ.

ಇದು ಬರೀ ಕಟ್ಟುಕಥೆಯೇ? ಪೂರ್ತಿ ಅಲ್ಲ. ಪದೇ ಪದೇ ಅಳೆಯುತ್ತಿದ್ದರೆ ಕ್ವಾಂಟಂ ವ್ಯವಸ್ಥೆ ಇದ್ದ ಸ್ಥಿತಿಯಲ್ಲೇ ಉಳಿಯಬಲ್ಲದೆಂದು 1977ರಲ್ಲಿ ಭಾರತೀಯ ಮೂಲದ ಬೈದ್ಯನಾಥ ಮಿಶ್ರ ಮತ್ತು ಇ.ಸಿ.ಜಿ. ಸುದರ್ಶನ್ ತೋರಿಸಿದ್ದರು. 1990ರಲ್ಲಿ ಬೆರಿಲಿಯಂ ಅಯಾನುಗಳಲ್ಲಿ ಅದು ಕಂಡುಬಂದಿತು. ಆದರೆ ಅಲ್ಲಿ ‘ನೋಡಿದ್ದು’ ಲೇಸರ್ ಬೆಳಕು, ಮನುಷ್ಯನ ಕಣ್ಣಲ್ಲ. ಕಲ್ಲಿನ ಪ್ರತಿಮೆಗೆ ಗಾಳಿ, ಬೆಳಕು ಸದಾ ತಾಗುತ್ತಲೇ ಇರುತ್ತವೆ. ಯಾರ ರೆಪ್ಪೆಯ ಲೆಕ್ಕವೂ ಅದಕ್ಕಿಲ್ಲ.

ಕಥೆಗೆ ಪೂರ್ಣ ಅಂಕ, ಭೌತವಿಜ್ಞಾನಕ್ಕೆ ಅರ್ಧ. ಪಾಲಕರೇ, ಪುಟ್ಟ ಮಕ್ಕಳು ಒಂಟಿಯಾಗಿ ನೋಡುವುದು ಬೇಡ. ಜೊತೆಗೆ ಕುಳಿತು ಈ ವ್ಯತ್ಯಾಸ ತಿಳಿಸಿ, ಆಮೇಲೆ ದೀಪ ಆರಿಸಿ.