ಒಂದು ವಾರಕ್ಕೆ ನಾಲ್ಕೂರು ಸಾಕು
ಪ್ಯಾರಿಸ್, ನೀಸ್, ಬೋರ್ಡೊ, ಸ್ಟ್ರಾಸ್‌ಬರ್ಗ್, ಸಾಲದ್ದಕ್ಕೆ ಆಲ್ಪ್ಸ್ ಎಂದು ಒಂದು ವಾರದ ರಜೆಗೆ ಪಟ್ಟಿ ಬೆಳೆಸಿದವರು ಕೊನೆಗೆ ಕಣ್ತುಂಬ ನೋಡುವುದು ರೈಲು ನಿಲ್ದಾಣಗಳನ್ನೇ. ನನ್ನ ಕೇಳಿದರೆ ಪ್ಯಾರಿಸ್, ಲಿಯೋಂ, ಆನ್ಸಿ, ಶಾಮೊನಿ ಸಾಕು. ಪ್ಯಾರಿಸ್ಸಿನಿಂದ ಲಿಯೋಂಗೆ ಟಿಜಿವಿ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ಆನ್ಸಿಗೆ ಹೆಚ್ಚುಕಡಿಮೆ ಇನ್ನೆರಡು. ಶಾಮೊನಿಗೆ ಮಾತ್ರ ಎರಡು ರಾತ್ರಿಯನ್ನಾದರೂ ಮೀಸಲಿಡಿ. ಅಲ್ಲಿನ ಕೇಬಲ್ ಕಾರು ಸಾವಿರ ಮೀಟರ್ ಎತ್ತರದ ಊರಿಂದ ನಿಮ್ಮನ್ನು ಎತ್ತಿಕೊಂಡು, ನಡುವೆ ಒಮ್ಮೆ ಗಾಡಿ ಬದಲಿಸಿ, ಎಗ್ವಿ ದ್ಯು ಮಿದಿ ಶಿಖರಕ್ಕೆ ಮುಟ್ಟಿಸುತ್ತದೆ. ಶಿಖರದ ತುದಿ 3,842 ಮೀಟರ್. ಅಷ್ಟು ಬೇಗ ಅಷ್ಟು ಎತ್ತರ ಏರಿದಾಗ ತಲೆ ಸುತ್ತುವುದುಂಟು, ನಾಲ್ಕು ಮೆಟ್ಟಿಲಿಗೇ ಏದುಸಿರು. ಜುಲೈಯಲ್ಲೂ ಕಾಲಡಿ ಹಿಮ, ಆದ್ದರಿಂದ ಸ್ವೆಟರ್ ಬೇಕೇ ಬೇಕು. ಮಧ್ಯಾಹ್ನ ಮೋಡ ಮುಸುಕಿತೆಂದರೆ ಎದುರಿಗೇ ಇರುವ ಮೋಂ ಬ್ಲಾಂ ಕೂಡ ಮಾಯ. ಬೆಳಗಿನ ಮೊದಲ ಗಾಡಿಯೇ ಮೇಲು. ಒಂದು ದಿನ ಹವೆ ಕೈಕೊಟ್ಟರೂ ಮರುದಿನ ಇರುತ್ತದೆ, ಎರಡು ರಾತ್ರಿ ಎಂದದ್ದು ಅದಕ್ಕೇ. ಆಗಸ್ಟ್ ಬೇಡ. ಊಟಕ್ಕೆ ಹೆಸರಾದ ಲಿಯೋಂನಲ್ಲಿ ಎಷ್ಟೋ ಹೋಟೆಲಿನವರು ಆಗ ಬಾಗಿಲು ಹಾಕಿ ತಾವೇ ರಜೆಗೆ ಹೊರಟಿರುತ್ತಾರೆ. ಜೂನ್ ಕೊನೆಯ ವಾರ ವಾಸಿ. ಶೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಮೇ ತಿಂಗಳವರೆಗೆ ಕಾಯಬೇಡಿ.