ಕೋಡ್ ತೆರೆದಿದೆ, ಸಹಿ ಯಾರದು?

ಸರ್ಕಾರಿ ತಂತ್ರಾಂಶ ನಮ್ಮ ತೆರಿಗೆ ದುಡ್ಡಿನಲ್ಲಿ ಆಗುವಂಥದ್ದು, ಅದರ ಕೋಡನ್ನು ನಮಗೂ ತೋರಿಸಲಿ ಎಂಬ ಮಾತು ಹಳೆಯದು. ಕೇಂದ್ರ ಸರ್ಕಾರ 2015ರಲ್ಲೇ ಮುಕ್ತ ತಂತ್ರಾಂಶ ಬಳಕೆಯ ನೀತಿ ತಂದಿತು. ಸರ್ಕಾರಿ ಅಪ್ಲಿಕೇಶನ್‌ಗಳ ಕೋಡ್ ತೆರೆದಿಟ್ಟು ಕೂಡಿ ಬೆಳೆಸುವ ಇನ್ನೊಂದು ನೀತಿಯೂ ಅದೇ ವರ್ಷದ್ದು. ಆದರೆ ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಈ ವಿಷಯ ಬಿದ್ದದ್ದು 2020ರ ಮೇ 26ರಂದು, ಆರೋಗ್ಯ ಸೇತುವಿನ ಕೋಡ್ ಗಿಟ್‌ಹಬ್‌ಗೆ ಬಂದಾಗ. ಅಂದು ಬಂದದ್ದು ಆಂಡ್ರಾಯ್ಡ್ ಆವೃತ್ತಿಯದು ಮಾತ್ರ, ಸರ್ವರ್ ಕಡೆಯದು ಬರಲಿಲ್ಲ. ಭದ್ರತಾ ದೋಷ ಹುಡುಕಿಕೊಟ್ಟವರಿಗೆ 1 ಲಕ್ಷ ರೂಪಾಯಿವರೆಗೆ ಬಹುಮಾನವನ್ನೂ ಘೋಷಿಸಿದರು. ಪುಣೆಯ ನಮ್ಮ ಫ್ಲಾಟಿನಲ್ಲಿ ಲಾಕ್‌ಡೌನ್ ಬೇಸರಕ್ಕೆ ನಾನೂ ಇಳಿಸಿಕೊಂಡು ಓದಿದೆ.

ಕೋಡ್ ಓದಲು ಸಿಗುವುದು ಒಂದು, ಅದರಲ್ಲಿ ಪಾಲುಗೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಯಾರು ಏನು ಮಾಡಬಹುದು ಎಂದು ಬರೆದಿಟ್ಟಿರಬೇಕು. ಊರು ಬಿಟ್ಟು ಬಂದು ಕನ್ನಡ ಸಂಘಗಳಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಜ್ಯೋತ್ಸವಕ್ಕೆ ಬಂದು ಕೂತು ನೋಡಿ ಹೋಗುವವರಿದ್ದಾರೆ, ಅವರು ಬಳಕೆದಾರರು. ಮೈಕ್ ಕೇಳಿಸ್ತಿಲ್ಲ ಎಂದು ಹಿಂದಿನ ಸಾಲಿನಿಂದ ಕೂಗುವವರು ದೋಷ ವರದಿ ಮಾಡುವವರು. ಕುರ್ಚಿ ಹಾಕುವವರು ಕೊಡುಗೆದಾರರು. ಹಾಕಿದ ಸಾಲು ಸರಿ ಇದೆಯೇ ಎಂದು ನೋಡುವವರು ಪರಿಶೀಲಕರು. ಕೊನೆಗೆ ಚೆಕ್ಕಿಗೆ ಸಹಿ ಹಾಕುವ ಕಾರ್ಯದರ್ಶಿ ಇರುತ್ತಾರಲ್ಲ, ತಂತ್ರಾಂಶದ ಲೋಕದಲ್ಲಿ ಅವರೇ ಮೇಂಟೇನರ್. ಬಂದ ಬದಲಾವಣೆಯನ್ನು ಮೂಲಕ್ಕೆ ಸೇರಿಸುವ ಅಧಿಕಾರ ಅವರದು.

ಸರ್ಕಾರದ ಯೋಜನೆಯಲ್ಲಿ ಈ ಕೊನೆಯ ಸಹಿ ಹೊರಗಿನ ಸ್ವಯಂಸೇವಕರ ಕೈಗೆ ಸಿಗುವುದು ಕಷ್ಟ, ಸಿಗಬಾರದು ಎಂದೂ ನನ್ನ ಅನಿಸಿಕೆ. ಪಿಂಚಣಿ ಲೆಕ್ಕದಲ್ಲಿ ತಪ್ಪಾದರೆ ಉತ್ತರ ಹೇಳಬೇಕಾದವರು ಅಧಿಕಾರಿ, ಪುಣೆಯಲ್ಲಿ ಕೂತ ನಾನಲ್ಲ. ತಕರಾರು ಇರುವುದು ಆ ಅಧಿಕಾರಿ ಯಾರು ಎಂದೇ ತಿಳಿಯದಿದ್ದಾಗ. ಎಷ್ಟೋ ಕಡೆ ಕೋಡ್ ಬರೆದವರು ಗುತ್ತಿಗೆ ಕಂಪನಿಯವರು. ಗುತ್ತಿಗೆ ಮುಗಿದ ದಿನ ಅವರು ಹೊರಟರೆಂದರೆ ಕೋಡ್ ತೆರೆದೇ ಇರುತ್ತದೆ, ನೋಡಿಕೊಳ್ಳುವವರು ಇರುವುದಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ಸರ್ಕಾರಿ ಮುಕ್ತ ತಂತ್ರಾಂಶದ ಕನ್ನಡ ಅರ್ಜಿಯಲ್ಲಿ ಕುಟುಂಬದ ಹೆಸರಿನ ಜಾಗಕ್ಕೆ ‘ಉಪನಾಮ’ ಎಂದಿತ್ತು, ಹಿಂದಿಯಿಂದ ನೇರ ಇಳಿಸಿದ್ದು. ನಾನು ಧಾರವಾಡದ ಕಡೆಯವನು, ನಮ್ಮಲ್ಲಿ ಅದು ‘ಅಡ್ಡಹೆಸರು’. ಹಾಗೆಂದೇ ತಿದ್ದಿ ಕಳಿಸಿದೆ. ಮೈಸೂರು ಕಡೆಯ ಒಬ್ಬರು ಕೆಳಗೆ ಬರೆದರು: ನಮ್ಮಲ್ಲಿ ಅಡ್ಡಹೆಸರು ಅಂದರೆ ಗೆಳೆಯರು ಕರೆಯುವ ಹೆಸರು, ಅರ್ಜಿಯಲ್ಲಿ ಜನ ಪುಟ್ಟ, ಗುಂಡ ಅಂತ ತುಂಬಿಸ್ತಾರೆ! ನಕ್ಕೆ, ಆದರೆ ಮಾತು ಸರಿಯೇ. ಮತ್ತೊಬ್ಬರು ‘ಮನೆತನದ ಹೆಸರು’ ಎಂದರು. ಇನ್ನೊಬ್ಬರು, ನಮ್ಮ ಕಡೆ ಇನಿಶಿಯಲ್ ಬಿಟ್ಟರೆ ಬೇರೇನೂ ಇಲ್ಲ, ಈ ಕಾಲಂ ಕಡ್ಡಾಯ ಯಾಕೆ ಎಂದು ಕೇಳಿದರು. ನಾಲ್ಕು ಜನ, ನಾಲ್ಕು ಒಳ್ಳೆಯ ಮಾತು. ತೀರ್ಮಾನ ಹೇಳಬೇಕಾದವರಿಂದ ಎಂಟು ತಿಂಗಳು ಒಂದಕ್ಷರ ಬರಲಿಲ್ಲ. ಒಲ್ಲೆ ಎಂದಿದ್ದರೂ ಬೇಜಾರಿರಲಿಲ್ಲ. ಆ ಯೋಜನೆಯಲ್ಲಿ ಕನ್ನಡಕ್ಕೆ ಪರಿಶೀಲಕರು ಯಾರು, ಎಷ್ಟು ದಿನದಲ್ಲಿ ಉತ್ತರ ಎಂಬುದು ಎಲ್ಲೂ ಬರೆದಿರಲಿಲ್ಲ. ಬರೆಯುವವರು ಒಂದು ಭಾಷೆಗೆ ಒಬ್ಬರೇ ಪರಿಶೀಲಕರನ್ನು ಇಡದಿರಲಿ. ಕನ್ನಡಕ್ಕಾದರೆ ಕೃಷ್ಣೆಯ ಕಡೆಯವರೊಬ್ಬರು, ಕಾವೇರಿಯ ಕಡೆಯವರೊಬ್ಬರು ಬೇಕೇ ಬೇಕು.

ಹೀಗೇ ಆಗಬೇಕೆಂದಿಲ್ಲ ಎನ್ನಲು ಬ್ರಿಟನ್ ಸರ್ಕಾರದ ಗವ್.ಯುಕೆ ಡಿಸೈನ್ ಸಿಸ್ಟಮ್ ನೋಡಬಹುದು. ಸರ್ಕಾರಿ ವೆಬ್‌ಸೈಟುಗಳ ಗುಂಡಿ, ಪೆಟ್ಟಿಗೆ, ಅರ್ಜಿ ನಮೂನೆಗಳ ಆ ಭಂಡಾರ 2018ರಲ್ಲಿ ಶುರುವಾಯಿತು. ಹೊಸದೊಂದನ್ನು ಯಾರು ಬೇಕಾದರೂ ಸೂಚಿಸಬಹುದು. ಆ ಹಂತದಲ್ಲಿ ಕೇಳುವುದು ಎರಡೇ: ಉಪಯೋಗವಿದೆಯೇ, ಈಗಾಗಲೇ ಇರುವುದರ ನಕಲೇ? ಸಿದ್ಧವಾದ ಮೇಲೆ ಬಳಸಲು ಸುಲಭವೇ, ಉಳಿದವಕ್ಕೆ ಹೊಂದುತ್ತದೆಯೇ, ಬೇರೆ ಬೇರೆ ಸೇವೆಗಳಿಗೆ ಒಗ್ಗುತ್ತದೆಯೇ ಎಂದು ನೋಡುತ್ತಾರೆ. ನೋಡುವವರು ಬೇರೆ ಬೇರೆ ಇಲಾಖೆಗಳಿಂದ ಬಂದ ಒಂದು ಕಾರ್ಯತಂಡ. ತಿರಸ್ಕರಿಸಿದರೂ ಯಾವ ಅಳತೆಗೋಲಿನಿಂದ ಎಂದು ಕಳಿಸಿದವರಿಗೆ ತಿಳಿದಿರುತ್ತದೆ.

ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಆರಂಭವಾದ ಮೊಸಿಪ್ ಕೂಡ ಇಲ್ಲಿ ನೆನಪಾಗುತ್ತದೆ. ದೇಶಗಳು ತಮ್ಮ ಗುರುತಿನ ಚೀಟಿ ವ್ಯವಸ್ಥೆ ಕಟ್ಟಿಕೊಳ್ಳಲು ಬಳಸುವ ಮುಕ್ತ ತಂತ್ರಾಂಶ ಅದು, ಫಿಲಿಪ್ಪೀನ್ಸ್ ಮತ್ತು ಮೊರಾಕೊ ಮೊದಲಿಗರು. ಹೆಸರಿನ ಕಾಲಂ ಎಷ್ಟು, ಯಾವುದು ಕಡ್ಡಾಯ ಎಂಬುದನ್ನು ಆಯಾ ದೇಶವೇ ಹೊಂದಿಸಿಕೊಳ್ಳಬಹುದು. ನಮ್ಮ ನಾಲ್ಕು ಜನರ ಜಗಳ ಅಲ್ಲಿ ಅರ್ಧಕ್ಕರ್ಧ ಮುಗಿದಂತೆ.

ಇನ್ನೊಂದು ಮಾತು, ಸ್ವಲ್ಪ ಗಂಭೀರ. ಸಾಮಾನ್ಯ ದೋಷವನ್ನು ಎಲ್ಲರೆದುರು ಬರೆಯಬಹುದು, ಭದ್ರತಾ ದೋಷವನ್ನು ಬರೆಯಬಾರದು. ಖಾಸಗಿಯಾಗಿ ತಿಳಿಸಲು ವಿಳಾಸವಿರಬೇಕು. ಅದಿಲ್ಲದಿದ್ದರೆ ಸೆರ್ಟ್-ಇನ್ ಸಂಸ್ಥೆಗೆ ತಿಳಿಸಿ. ಚಾಲನೆಯಲ್ಲಿರುವ ಸರ್ಕಾರಿ ಸರ್ವರನ್ನು ಕೆಣಕಿ ಪರೀಕ್ಷಿಸುವ ಉತ್ಸಾಹ ಮಾತ್ರ ಬೇಡ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಅನುಮತಿಯಿಲ್ಲದ ಪ್ರವೇಶವನ್ನು ಹಿಡಿಯುತ್ತದೆ. ಹಾಗಾಗಿ ಯಾವುದಕ್ಕೆ ಅನುಮತಿ ಇದೆ ಎಂದು ಯೋಜನೆಯವರು ಬರೆದಿಟ್ಟರೆ ಅದು ನಮ್ಮ ರಕ್ಷಣೆಗೂ ಆಯಿತು.

ಕೋಡ್ ಬರೆಯದವರಿಗೂ ಕೆಲಸವಿದೆ. ಭಾಷಿಣಿಯ ಭಾಷಾದಾನದಲ್ಲಿ ಒಬ್ಬರು ಕನ್ನಡ ವಾಕ್ಯ ಓದಿ ದನಿ ಕೊಡುತ್ತಾರೆ, ಇನ್ನೊಬ್ಬರು ಕೇಳಿ ಸರಿಯೋ ತಪ್ಪೋ ಹೇಳುತ್ತಾರೆ. ಬೀದರಿನ ಕನ್ನಡವನ್ನು ತಪ್ಪು ಎನ್ನದ ಕಿವಿಗಳು ಅಲ್ಲಿ ಬೇಕಾಗಿವೆ.

ಐಟಿಯಲ್ಲಿರುವವರು ಕೋಡ್ ಕಳಿಸುವ ಮುನ್ನ ತಮ್ಮ ನೇಮಕಾತಿ ಪತ್ರ ಒಮ್ಮೆ ತೆಗೆದು ನೋಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಬರೆದದ್ದು ಮಾಲೀಕರದು. ಎಷ್ಟೋ ಕಂಪನಿಗಳ ಪತ್ರ ಇನ್ನೂ ಮುಂದೆ ಹೋಗಿ ರಾತ್ರಿ ಮನೆಯಲ್ಲಿ ಬರೆದದ್ದನ್ನೂ ಕೇಳುತ್ತದೆ. ಹಲವು ಯೋಜನೆಗಳು ಪ್ರತಿ ಕೊಡುಗೆಯ ಜೊತೆ ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂಬ ಸಹಿಸಾಲನ್ನು ಕೇಳುತ್ತವೆ. ಲಿನಕ್ಸ್ ಕರ್ನಲ್ 2004ರಲ್ಲಿ ಆರಂಭಿಸಿದ ಪದ್ಧತಿ ಇದು. ಸುಮ್ಮನೆ ಒತ್ತಿಬಿಡುವ ಸಾಲಲ್ಲ. ಕಂಪನಿಯಿಂದ ಒಂದು ಸಾಲಿನ ಅನುಮತಿ ಇಮೇಲ್ ತೆಗೆದುಕೊಂಡರೆ ಸಾಕು, ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ನನಗೆ ಹನ್ನೊಂದು ದಿನ ಹಿಡಿಯಿತು, ಅದರಲ್ಲಿ ಒಂಬತ್ತು ದಿನ ಮ್ಯಾನೇಜರ್ ರಜೆಯಲ್ಲಿದ್ದರು.